ಹುಕ್ಕೇರಿ ಡಾಕ್ಟರನ ಖಾಲಿ ಬಾಟ್ಲಿ

ಜೀಪಿನ ಬಂಪರ್ ನನ್ನ ಬೈಕಿನ ಹಿಂದಿನ ಮಡ್‌ಗಾರ್ಡಿಗೆ ಬಡಿಯಿತು.

ಗೋಕಾಕ ದಾಟಿ ಮೂಡಲಗಿ ರಸ್ತೆ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರ್. ಎದುರಿಗೆ ಬಸ್ಸು. ಹಿಂದೆ ಯಲ್ಲೇಶ!

ಮತ್ತೊಮ್ಮೆ ಬಡಿದ.

ಟ್ರೇಲರಿಗೂ ಬಸ್ಸಿಗೂ ನಡುವಿನ ಸಂದಿಯಲ್ಲಿ ಬೈಕ್ ತೂರಿಸಿದೆ. ಕಬ್ಬಿನ ಗರಿ ಕೆನ್ನೆ ಕೊಯ್ದಿತು. ಹಿಂದೆ ಬ್ರೇಕಿನ ಕಿರುಚಾಟ... ಜೀಪು ಹೊಲಕ್ಕಿಳಿದ ಸದ್ದು.

ತಿರುಗಿ ನೋಡಲಿಲ್ಲ. ಮೂಡಲಗಿಯ ಸಾಯಿರಾಬಿಗೆ ಎರಡನೇ ಸೂಜಿ ಬೀಳುವ ಮೊದಲು ಮುಟ್ಟಬೇಕಿತ್ತು.

ಯಾರು ಈ ಯಲ್ಲೇಶ ಅಂತೀರಾ? ಲ್ಯಾಬೊಂದು ಅವಧಿ ಮುಗಿದ ಮಾಲನ್ನು ಸುಡಲು ಕಳಿಸಿತ್ತು. ಒಯ್ದ ಡ್ರೈವರ್ ಇವನು. ಸುಡಲಿಲ್ಲ. ಪುಟ್ಟ ಗಾಜಿನ ಬಾಟಲಿಗಳನ್ನು ಹುಕ್ಕೇರಿಯ ಶಿದ್ರಾಮನಿಗೆ ಮಾರಿದ. ಶಿದ್ರಾಮ ಡಾಕ್ಟರ್... ಬೋರ್ಡಿನಲ್ಲಿ ಮಾತ್ರ!

ನಾನು ಮೊದಲು ಪತ್ರಿಕೆಯಲ್ಲಿದ್ದವನು. ಈಗ ಕಳುವಾದದ್ದನ್ನು ಹುಡುಕಿಕೊಡುತ್ತೇನೆ. ಆ ಲ್ಯಾಬಿನ ನಂದಿನಿ ಫೋನಿನಲ್ಲಿ ಹೇಳಿದ್ದಳು.

"ಅದು ಟಿಎನ್‌ಎಫ್ ಆಲ್ಫಾ ರೀ. ಸೈಟೊಕೈನ್. ಮನುಷ್ಯಾರ ಜೀನ್ ಬ್ಯಾಕ್ಟೀರಿಯಾದಾಗ ಹಾಕಿ ತಗದ ಪ್ರೋಟೀನ್. ಲ್ಯಾಬಿನ್ಯಾಗ ಜೀವಕೋಶದ ಮ್ಯಾಲ ಪ್ರಯೋಗಕ್ಕ ಅಷ್ಟ. ಮೈಯಾಗ ಹೋದ್ರ ಉರಿಯೂತ ಎಬ್ಬಸ್ತೈತಿ. ಜ್ವರ, ನಡುಕ, ಬಿಪಿ ಪಾತಾಳಕ್ಕ..."

ಶಿದ್ರಾಮ ಅದನ್ನು ಚುಚ್ಚುತ್ತಿದ್ದುದು ಯಾವುದಕ್ಕೆ? ಮೊಣಕಾಲಿನ ಉರಿಯೂತಕ್ಕೆ!

ಹುಕ್ಕೇರಿ ಬಸ್ ಸ್ಟ್ಯಾಂಡಿನಲ್ಲಿ ಕಾಲರ್ ಹಿಡಿದಾಗ ಯಲ್ಲೇಶ ಬಾಯಿಬಿಟ್ಟ.

"ಡಾಕ್ಟರ್ ಮೂಡಲಗಿಗೆ ಹೋಗ್ಯಾನ್ರಿ. ಸಾಯಿರಾಬಿ ಅನ್ನಾಕಿ ಮನಿಗೆ. ಇವತ್ತ ಉಳದ ಬಾಟ್ಲಿ ಎಲ್ಲಾ ಕೂಡಿಸಿ ಚುಚ್ಚತಾನಂತ."

ಹೇಳಿ ಕೊಸರಿಕೊಂಡು ಓಡಿದ. ಆಮೇಲೆ ಬಾಯಿಬಿಟ್ಟದ್ದಕ್ಕೆ ಪಶ್ಚಾತ್ತಾಪ ಬಂತು... ಜೀಪು ಹತ್ತಿಕೊಂಡು!

ಮೂಡಲಗಿ ಮುಟ್ಟಿದಾಗ ಮನೆಯ ಬಾಗಿಲು ತೆರೆದೇ ಇತ್ತು. ಸಾಯಿರಾಬಿ ಕೌದಿ ಹೊಲಿಯುವ ಮುದುಕಿ. ತೋಳು ಚಾಚಿ ಕೂತಿದ್ದಳು. ಶಿದ್ರಾಮ ಸಿರಿಂಜಿನ ಗಾಳಿ ತೆಗೆಯುತ್ತಿದ್ದ.

ಮಣಿಕಟ್ಟು ಹಿಡಿದು ತಿರುವಿದೆ.

ಮಗಳು ಮಹೆಕ ಚೀರಿದಳು. "ಯಾರ್ರಿ ನೀವು? ಡಾಕ್ಟರ್ ಮ್ಯಾಲ ಕೈ ಮಾಡ್ತೀರಿ?"

"ಹೋದ ಸಲ ಅಮ್ಮಿಗೆ ಏನಾತು, ಹೇಳವಾ."

"ಗಡಗಡ ನಡಗಿದ್ಳು... ಎಚ್ಚರ ತಪ್ಪಿತ್ತು. ಔಷಧ ಹತ್ತಾಕತ್ತೇತಿ ಅಂದ್ರು ಇವ್ರು."

"ವಿಷ ಹತ್ತಿತ್ತು!"

ಶಿದ್ರಾಮ ನಕ್ಕ. ಸಿರಿಂಜು ಕೈಯಲ್ಲಿ ಹಿಡಿದೇ ನನ್ನನ್ನು ಅಂಗಳಕ್ಕೆ ಕರೆದು ಪಿಸುಗುಟ್ಟಿದ.

"ಸಾಹೇಬ್ರ, ನಿಮ್ಮ ಮುಂದ ಏನ್ ಮುಚ್ಚಿಡೂದು? ಬಾಟ್ಲಿ ಖಾಲಿ ಅದಾವ್ರಿ! ಯಲ್ಲೇಶ ನನಗ ಟೋಪಿ ಹಾಕ್ಯಾನ. ನಾ ಸಲೈನ್ ಹಾಕಿ ಅಲ್ಲಾಡಿಸಿ ಕೊಡ್ತೇನಿ. ಲೇಬಲ್ ಫಾರಿನ್ ಕಾಣತೈತಿ, ಅಷ್ಟ!"

"ಬರೇ ನೀರು?"

"ಖರೇನ ನೀರು! ನಾ ಮೋಸಗಾರ ಇರಬಹುದು, ಕೊಲೆಗಾರ ಅಲ್ಲ. ಬೇಕಾರ ನೋಡ್ರಿ..."

ನಾನು ತಡೆಯುವಷ್ಟರಲ್ಲಿ ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿಕೊಂಡ! ಪೂರ್ತಿ ಒತ್ತಿದ. ಹಲ್ಲು ಕಿರಿದ.

ಹೇಸಿಗೆಯಾಯಿತು.

"ಆ ಪ್ರೋಟೀನ್ ಕಣ್ಣಿಗೆ ಕಾಣೂದಿಲ್ಲೋ. ಉಪ್ಪಿನ ಒಂದು ಹರಳಿನಷ್ಟೂ ಇರೂದಿಲ್ಲ. ಒಣಗಿ ಗಾಜಿಗೆ ಪೊರಿ ಹಂಗ ಅಂಟಿರತೈತಿ. ಲ್ಯಾಬಿನವ್ರು ಮುಚ್ಚಳ ತಗಿಯೂಕಿಂತ ಮೊದಲ ಮಷೀನಿನ್ಯಾಗ ಗರಗರ ತಿರುಗಿಸಿ ತಳಕ್ಕ ಇಳಸ್ತಾರ. ಆಮ್ಯಾಲ ನೀರು ಹಾಕಿ ಕರಗಿಸ್ತಾರ... ನಿನ್ನಂಗ!"

"ಅಂದ್ರ... ಖಾಲಿ ಇರಲಿಲ್ಲ?"

"ಒಂದೂ ಇರಲಿಲ್ಲ."

ಹಲ್ಲು ಮಾಯವಾದವು. ಒಳಗೆ ಆ ಮುದುಕಿ ಇನ್ನೂ ತೋಳು ಚಾಚಿಯೇ ಕೂತಿದ್ದಳು. ಅವಳ ಕಡೆ ಒಮ್ಮೆಯೂ ನೋಡಲಿಲ್ಲ ಅವನು. ನನ್ನ ಅಂಗಿ ಜಗ್ಗಿದ.

"ದವಾಖಾನಿಗೆ ನಡೀರಿ! ಖರೇ ಡಾಕ್ಟರ್ ಇರೂ ಕಡೆ!"

ಇವನು ಸತ್ತರೆ ಕೋರ್ಟಿನಲ್ಲಿ ಯಾರನ್ನು ನಿಲ್ಲಿಸಲಿ? ಬೈಕಿನ ಕಿಕ್ ಒದ್ದೆ. ಹಿಂದೆ ಕೂತು ನನ್ನ ಸೊಂಟ ತಬ್ಬಿದ. ಬೆವರಿನ ನಾತ.

"ಜೋರ್ ಹೊಡೀರಿ, ಯಪ್ಪಾ... ಜೋರ್ ಹೊಡೀರಿ!"

ಅಸಹ್ಯ ಅಂದರೆ ಏನು ಗೊತ್ತಾ?

ಇಂಥವನನ್ನು ಉಳಿಸಲು ನಾನು ಜೋರಾಗಿಯೇ ಹೊಡೆದೆ!