ಮೂಡದ ಅಂಕಿ

ಅಕ್ಕನ ಮಗಳು ಭುವನೇಶ್ವರಿಯನ್ನು ಟಾರ್ಗೆಟ್ ಕಂಬಕ್ಕೆ ನಾನೇ ಕಟ್ಟಿದೆ.

ಕಟ್ಟದೆ ಏನು ಮಾಡಲಿ, ಹೇಳಿ? ದುರಗಪ್ಪನ ರೈಫಲ್ ನನ್ನ ಬೆನ್ನಿಗೆ ಒತ್ತಿತ್ತು.

ಸುರಪುರದ ಹೊರಗಿನ ಹಳೇ ಕಲ್ಲು ಕ್ವಾರಿ. ಅದೇ ನನ್ನ ಶೂಟಿಂಗ್ ರೇಂಜ್. ಗುಂಡಿನ ಸದ್ದಿಗೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ತಿಂಥಣಿಯ ಹೊಳೆ ದಂಡೆಯಲ್ಲಿ ದುರಗಪ್ಪ ಒಬ್ಬನನ್ನು ಕೊಂದದ್ದನ್ನು ಅವಳು ನೋಡಿದ್ದಳು. ಇವನು ಜಾಮೀನಿನ ಮೇಲೆ ಹೊರಗಿದ್ದ. ನಾಳೆ ಶಹಾಪುರ ಕೋರ್ಟಿನಲ್ಲಿ ಅವಳ ಸಾಕ್ಷಿ. ನೋಡಿಲ್ಲ ಎಂದರೆ ಬಿಡುತ್ತೇನೆ ಎಂದ.

"ನೋಡೇನಿ. ಹಂಗಂತನ ಹೇಳ್ತೀನಿ."

ಮೊಂಡು. ನಮ್ಮಕ್ಕನ ಹಾಗೇ.

ದುರಗಪ್ಪ ಬೆಂಚಿಗೆ ಮೊಣಕೈ ಊರಿದ. ಟ್ರಿಗರ್ ಎಳೆದ.

ಠುಸ್...

ಅವಳು ನಿಂತೇ ಇದ್ದಳು.

ಬೆಂಚಿನ ಮುಂದೆ ನನ್ನ ಕ್ರೊನೊಗ್ರಾಫ್ ಇತ್ತು. ಗುಂಡಿನ ವೇಗ ಅಳೆಯುವ ಪೆಟ್ಟಿಗೆ. ಗುಂಡು ಮೇಲೆ ಹಾದರೆ ಸ್ಕ್ರೀನಿನಲ್ಲಿ ಅಂಕಿ ಮೂಡುತ್ತದೆ.

ಮೂಡಿರಲಿಲ್ಲ.

ಅಂದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿದೆ. ಅಥವಾ... ಮೋಡ ಕವಿದಾಗ ಈ ಮಷಿನ್ ಕೈಕೊಡುವುದೂ ಉಂಟು. ಅವತ್ತು ಮೋಡ ಕವಿದಿತ್ತು.

ಅವನು ಬೋಲ್ಟ್ ಎಳೆದ. ಖಾಲಿ ತೋಟಾ ನನ್ನ ಕಾಲ ಬಳಿ ಬಿತ್ತು. ಎತ್ತಿಕೊಂಡೆ. ಎಣ್ಣೆ ಜಿಡ್ಡು. ಕುಂಕುಮ.

"ಆಯುಧ ಪೂಜಿಗಿ ತೋಟಾನೂ ಇಟ್ಟಿದ್ಯೇನಲೇ?"

"ಹೂಂ. ಎಣ್ಯಾಗ ಅದ್ದಿ ಇಟ್ಟಿದ್ದೆ. ಯಾಕ, ದೇವ್ರು ಬ್ಯಾಡಂದಾನೇನು?"

ಎಣ್ಣೆ ಒಳಗಿಳಿದು ಮದ್ದು ಕೆಟ್ಟಿದೆ. ಇರಬೇಕು... ಇರಲೇಬೇಕು.

"ಹೊಡೀಬ್ಯಾಡೋ. ಗುಂಡು ನಳಗ್ಯಾಗ ಕುಂತದ. ಇನ್ನೊಂದು ಹೊಡದ್ರ ನಿನ್ನ ಕೈನ ಹೋಗ್ತದ."

"ಸೊಸಿ ಉಳಸಾಕ ಭಾರಿ ಕತಿ ಕಟ್ಟಿದಿ, ಮಾಮಾ."

ಕಿಸೆಯಿಂದ ತೆಗೆದ ಎರಡನೇ ತೋಟಾ, ಎಣ್ಣೆ ತಾಗದ ಒಣ ತೋಟಾ, ಒಳಗೆ ಹೋಯಿತು.

ಓಡಿದೆ. ಮೊಣಕಾಲು ನೋವು ಮರೆತು ಓಡಿದೆ. ಅವಳಿಗೆ ಅಡ್ಡ ನಿಂತೆ. ನನ್ನ ಲೆಕ್ಕ ತಪ್ಪಿದ್ದರೆ ಮೊದಲು ನಾನು.

"ಸರೀರಿ ಮಾಮಾ..." ಬೆನ್ನ ಹಿಂದೆ ಅವಳ ಅಳು.

"ಸುಮ್ನ ನಿಂದ್ರವ್ವ."

ಕಣ್ಣು ಮುಚ್ಚಿದೆ.

ಢಂ!

ಕಣ್ಣು ಬಿಟ್ಟೆ. ನಾನಿದ್ದೆ. ಅವಳಿದ್ದಳು. ಬೆಂಚಿನ ಹತ್ತಿರ ದುರಗಪ್ಪ ಬಿದ್ದು ಒರಲುತ್ತಿದ್ದ. ನಳಿಗೆ ಸಿಡಿದು ಸೀಳಿತ್ತು. ಎಡಗೈಯಲ್ಲಿ ಬೆರಳುಗಳಿರಲಿಲ್ಲ.

ಅವಳ ಹಗ್ಗ ಬಿಚ್ಚಿದೆ. ಅದೇ ಹಗ್ಗವನ್ನು ಅವನ ತೋಳಿಗೆ ಬಿಗಿದೆ, ರಕ್ತ ನಿಲ್ಲಲಿ ಅಂತ. ಕೊಲೆಗಾರನೇ ಸರಿ. ಆದರೂ ಕಣ್ಣೆದುರು ಸಾಯಲು ಬಿಡಲಾಗುತ್ತದೆಯೇ?

ಇಬ್ಬರನ್ನೂ ಬೊಲೆರೊಗೆ ಹತ್ತಿಸಿದೆ. ಪಕ್ಕದಲ್ಲಿ ಸಾಕ್ಷಿ. ಹಿಂದೆ ಆರೋಪಿ, ನರಳುತ್ತಾ.

"ಲಗೂ ಹೊಡೀರಿ ಮಾಮಾ," ಅಂದಳು ಅವಳೇ. "ನಾಳಿ ಕೋರ್ಟಿನ್ಯಾಗ ಇವ ಇರಬೇಕು."

ಶಹಾಪುರದ ಆಸ್ಪತ್ರೆ ಬರುವವರೆಗೆ ಸ್ಪೀಡೋಮೀಟರಿನ ಮುಳ್ಳು ನೂರಿಪ್ಪತ್ತರ ಕೆಳಗೆ ಇಳಿಯಲಿಲ್ಲ.

ಅವತ್ತು ಅಳತೆಗೆ ಸಿಕ್ಕ ವೇಗ ಅದೊಂದೇ.