ಪೂಜೆಗಿಟ್ಟ ಬಂದೂಕು

ವಿಜಯದಶಮಿಯ ಬೆಳಗ್ಗೆ ಆಲುವದಲ್ಲಿದ್ದ ಸುಮಿತ್ರಳ ಮನೆಗೆ ಬಂದ ಶಾಲಿನಿ ಚಪ್ಪಲಿ ಬಿಡುವುದನ್ನೂ ಮರೆತಿದ್ದಳು. ರಾಮದಾಸ ಕೊಟ್ಟ ನೀರನ್ನು ಕುಡಿಯದೆ ಸುಮಿತ್ರಳ ಕೈ ಹಿಡಿದುಕೊಂಡಳು. ಸುಮಿತ್ರ ಅಪರಾಧ ಪ್ರಯೋಗಾಲಯದಲ್ಲಿ ಬಂದೂಕುಗಳ ತಜ್ಞೆಯಾಗಿದ್ದು ನಿವೃತ್ತಳಾದವಳು. ರಾಮದಾಸ ಅವಳ ತಮ್ಮ. ಬ್ಯಾಂಕಿನ ಕೆಲಸ ಮುಗಿದ ಮೇಲೆ ಅಕ್ಕನ ಹಿಂದೆ ತಿರುಗುವುದೇ ಅವನ ಉದ್ಯೋಗವಾಗಿತ್ತು.

"ಅಕ್ಕಾ, ನಮ್ಮ ಯಜಮಾನರೇ ಆಲ್ವಿನ್ ಸರನ್ನು ಕೊಂದದ್ದು ಅಂತ ಪೊಲೀಸರು ಹಿಡಿದುಕೊಂಡು ಹೋದರು. ಇವರಿಗೆ ಬಂದೂಕು ಹಿಡಿಯಲು ಕಲಿಸಿದ್ದೇ ಸರ್. ನಾಳೆ ಸರ್ ಅವರ ಮಣ್ಣು. ಅಷ್ಟರೊಳಗೆ ಬಿಡದಿದ್ದರೆ ಇವರು ಬದುಕಿಯೂ ಸತ್ತ ಹಾಗೆ."

ಅವಳ ಗಂಡ ಗುರುಕಿರಣ ತಿರುವನಂತಪುರದ ರೈಫಲ್ ಕ್ಲಬ್ಬೊಂದರಲ್ಲಿ ಬಂದೂಕುಗಳ ಮೇಲ್ವಿಚಾರಕ. ನವಮಿಯಂದು ಕ್ಲಬ್ಬಿಗೆ ರಜೆ. ಅಂದೇ ಅಲ್ಲಿ ತರಬೇತುದಾರ ಆಲ್ವಿನ್ ಗುಂಡೇಟಿಗೆ ಬಲಿಯಾಗಿದ್ದರು. ಆ ಗುಂಡು ಹಾರಿಸಬಲ್ಲ ಹಳೆಯ ಮಿಲಿಟರಿ ರೈಫಲ್ಲುಗಳು ಅಲ್ಲಿದ್ದದ್ದು ಎರಡೇ. ಒಂದು ಗುರುಕಿರಣನ ಬೀರುವಿನಲ್ಲಿತ್ತು. ಇನ್ನೊಂದು ಅಷ್ಟಮಿಯ ಸಂಜೆಯಿಂದ ಪೂಜೆಗೆ ಕೂತಿತ್ತು.

"ಪೂಜೆಗಿಟ್ಟದ್ದನ್ನು ದಶಮಿಯವರೆಗೆ ಯಾರೂ ಮುಟ್ಟುವುದಿಲ್ಲ. ಅದರ ಬೋಲ್ಟನ್ನೂ ಇವರೇ ಬಿಚ್ಚಿ ಬೀರುವಿನಲ್ಲಿಟ್ಟಿದ್ದರು, ಅದಿಲ್ಲದೆ ಗುಂಡು ಹಾರುವುದಿಲ್ಲ. ಬೀರುವಿನ ಕೀಲಿ ಇವರ ಹತ್ತಿರ ಮಾತ್ರ. ಅದಕ್ಕೇ ಇವರ ಮೇಲೆ ಬಂತು."

"ಪೂಜೆಗಿಟ್ಟ ರೈಫಲ್ ಚೆನ್ನಾಗಿತ್ತೇನಮ್ಮ?" ಎಂದು ಸುಮಿತ್ರ ಕೇಳಿದಳು.

"ಅಷ್ಟಮಿಯ ಬೆಳಗ್ಗೆ ಸರ್ ಅದರಲ್ಲೇ ಎಲ್ಲರೆದುರು ಗುರಿ ಹೊಡೆದರು. ಸ್ವಲ್ಪವೂ ತೊಂದರೆ ಇರಲಿಲ್ಲ."

ಮೂವರೂ ಮಧ್ಯಾಹ್ನದ ರೈಲು ಹಿಡಿದರು. ತನಿಖೆ ನಡೆಸುತ್ತಿದ್ದ ಇನ್‌ಸ್ಪೆಕ್ಟರ್ ರಾಜಲಕ್ಷ್ಮಿಗೆ ಸುಮಿತ್ರಳ ಕೆಲಸ ಗೊತ್ತಿತ್ತು. ಮಾರನೆಯ ಬೆಳಗ್ಗೆ ಗುರುಕಿರಣನನ್ನೂ ಕ್ಲಬ್ಬಿನ ಪೂಜೆಯ ಕೋಣೆಗೆ ಕರೆತಂದಳು. ಅಲ್ಲಿ ದೀಪ ನೋಡಿಕೊಳ್ಳುತ್ತಿದ್ದವನು ಕಾರ್ಯದರ್ಶಿ ವಿನಯ್. ಗೋಡೆಯ ಮೇಲೆ ಅದೇ ಮಾದರಿಯ ಮೂರನೆಯ ರೈಫಲ್ಲೊಂದು ತೂಗುತ್ತಿತ್ತು. ನಳಿಗೆಗೆ ಸೀಸ ಹೊಯ್ದು ಮುಚ್ಚಿದ್ದ ಬರೀ ಪ್ರದರ್ಶನದ ವಸ್ತು ಅದು.

ಸುಮಿತ್ರ ಪೂಜೆಯ ರೈಫಲ್ಲಿಗೆ ಕೈಹಾಕಿದಳು.

"ಬೇಡ ಚೇಚಿ, ಬೇಡ ಅಕ್ಕಾ," ಎಂದ ವಿನಯ್. "ಅದರೊಳಗೆ ಕಾಡತೂಸೇ ಹೋಗಲ್ಲ. ಬಹಳ ದಿನದ ತೊಂದರೆ."

ಸುಮಿತ್ರ ಮದ್ದಿಲ್ಲದ ಕಾಡತೂಸೊಂದನ್ನು ಚೇಂಬರಿಗೆ, ಅಂದರೆ ನಳಿಗೆಯ ಹಿಂದೆ ಕಾಡತೂಸು ಕೂರುವ ಗೂಡಿಗೆ, ತಳ್ಳಿ ನೋಡಿದಳು. ಅರ್ಧಕ್ಕೇ ನಿಂತಿತು. ಗಟ್ಟಿಯಾದ ಗ್ರೀಸ್ ಇರಬಹುದೆಂದು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದಳು. ಮತ್ತೆ ಅಲ್ಲೇ ನಿಂತಿತು. ಟಾರ್ಚು ಬಿಟ್ಟು ಇಣುಕಿದವಳು ಗುರುಕಿರಣನ ಬೀರುವಿನಿಂದ ಕೊಕ್ಕೆಯಂಥ ಉಪಕರಣವೊಂದನ್ನು ತರಿಸಿ, ಒಳಗಿಳಿಸಿ ಎಳೆದಳು. ಬುಡವಿಲ್ಲದ ಹಿತ್ತಾಳೆಯ ಕೊಳವೆಯೊಂದು ಹೊರಬಂತು. ಒಳಗೆಲ್ಲ ಹೊಸ ಮಸಿ. ಈಗ ಕಾಡತೂಸು ಸಲೀಸಾಗಿ ಕೂತಿತು.

"ಕೊಂದದ್ದು ಈ ರೈಫಲ್," ಎಂದಳು ಸುಮಿತ್ರ. "ಕಾಡತೂಸನ್ನು ಹಿಂದಿನಿಂದ ಒತ್ತಿಹಿಡಿಯುವುದು ಬೋಲ್ಟು. ಒಂದೊಂದು ಬೋಲ್ಟನ್ನೂ ಅದರದೇ ರೈಫಲ್ಲಿಗೆ ಅಳತೆ ನೋಡಿ ಕೂರಿಸಿರುತ್ತಾರೆ. ಬೇರೆಯದನ್ನು ಹಾಕಿದರೆ ಹಿಂದೆ ಸಡಿಲ ಉಳಿಯುತ್ತೆ. ಹಾರಿಸಿದಾಗ ಕಾಡತೂಸಿನ ಕೋಶ ಎರಡು ತುಂಡಾಗಿ ಬುಡ ಮಾತ್ರ ಹೊರಬರುತ್ತೆ, ಮುಂದಿನ ತುಂಡು ಒಳಗೇ ಸಿಕ್ಕಿಕೊಳ್ಳುತ್ತೆ. ಗುರುಕಿರಣ ಹೊಡೆದಿದ್ದರೆ ಸರಿಯಾದ ಬೋಲ್ಟು ಅವನ ಬೀರುವಿನಲ್ಲೇ ಇತ್ತು. ಸಿಕ್ಕಿದ್ದನ್ನು ಎಳೆಯುವ ಕೊಕ್ಕೆಯೂ ಅಲ್ಲೇ ಇತ್ತು. ಬೋಲ್ಟು ಎರವಲು ತಂದವನಿಗೆ ಇವೆರಡೂ ಇರಲಿಲ್ಲ."

ಅವಳು ಗೋಡೆಯ ರೈಫಲ್ಲಿನ ಬೋಲ್ಟು ಬಿಚ್ಚಿ ಅದರ ಮುಖವನ್ನು ಬಿಳಿ ಬಟ್ಟೆಗೆ ಒತ್ತಿದಳು. ಎಂದೂ ಹಾರದ ಬಂದೂಕಿನ ಬೋಲ್ಟು ಬಟ್ಟೆಯ ಮೇಲೆ ಕಪ್ಪು ಬಿಟ್ಟಿತು.

"ಅಷ್ಟಮಿಯ ಬೆಳಗ್ಗೆ ಈ ರೈಫಲ್ ಸರಿಯಾಗಿತ್ತು. ಪೂಜೆಗಿಟ್ಟ ಮೇಲೆ ಇದನ್ನು ಕೊಂದವನ ಹೊರತು ಯಾರೂ ಮುಟ್ಟಿಲ್ಲ. ಕಾಡತೂಸು ಹೋಗಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು, ವಿನಯ್? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡೆಯಲ್ಲ!"

ವಿನಯ್ ಒಪ್ಪಿಕೊಂಡ. ಕ್ಲಬ್ಬಿನ ಕಾಡತೂಸುಗಳನ್ನು ಅವನು ಕಳ್ಳಬೇಟೆಯವರಿಗೆ ಸಾಗಿಸುತ್ತಿದ್ದ. ಅದು ಆಲ್ವಿನ್‌ಗೆ ತಿಳಿದುಹೋಗಿತ್ತು.

"ಪೊಲೀಸರಿಗೆ ನೀನಾಗೇ ಹೇಳು, ನಾನು ಜೊತೆಗೆ ಬರ್ತೀನಿ ಅಂದರು," ಎಂದು ತೊದಲಿದ. ರಾಮದಾಸನಿಗೆ ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು. ಜೊತೆಗೆ ಬರುತ್ತೇನೆಂದವರನ್ನೇ ಈತ ಕೊಂದಿದ್ದ.

ರಾಜಲಕ್ಷ್ಮಿ ಗುರುಕಿರಣನನ್ನೂ ಉಳಿದವರನ್ನೂ ತನ್ನ ಜೀಪಿನಲ್ಲೇ ಇಗರ್ಜಿಗೆ ಕಳಿಸಿದಳು. ಅವರು ಮುಟ್ಟುವಾಗ ಶವಪೆಟ್ಟಿಗೆ ಅಂಗಳ ದಾಟುತ್ತಿತ್ತು. ಅವನನ್ನು ಕಂಡ ಜನ ಗುಸುಗುಸು ಎನ್ನುತ್ತ ದಾರಿಗಡ್ಡ ನಿಂತರು. ಗುರುಕಿರಣ ತಲೆ ತಗ್ಗಿಸಿ ಗೇಟಿನಲ್ಲೇ ನಿಂತುಬಿಟ್ಟ. ಸುಮಿತ್ರ ಹೋಗಿ ಆಲ್ವಿನ್‌ನ ಹೆಂಡತಿಯ ಕಿವಿಯಲ್ಲಿ ಎರಡು ಮಾತು ಹೇಳಿದಳು. ಆ ಮುದುಕಿ ಶವ ಹೊತ್ತವರನ್ನು ತಡೆದು ನಿಲ್ಲಿಸಿದಳು, ಮುಂದೆ ಹೆಗಲು ಕೊಟ್ಟಿದ್ದ ತನ್ನ ತಮ್ಮನನ್ನು ಪಕ್ಕಕ್ಕೆ ಸರಿಸಿದಳು.

"ಮೋನೇ, ನನ್ನ ಮಗನೇ, ಬಾ," ಎಂದು ಗುರುಕಿರಣನನ್ನು ಕರೆದಳು. "ಇದು ನಿನ್ನ ಜಾಗ."