ಪೂರ್ತಿ ತುಂಬಿದ ಟ್ಯಾಂಕು

ಜುಲೈ 8, ಸೋಮವಾರ, ಬೆಳಗ್ಗೆ 6 ಗಂಟೆ 50 ನಿಮಿಷಕ್ಕೆ ಪೆದ್ರಾ ಮಾನ್ಸಾ ಊರಿನ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರಿನ ಪ್ರಕಾರ ಏನೂ ಕಳುವಾಗಿರಲಿಲ್ಲ. ಇದ್ದದ್ದಕ್ಕಿಂತ ಹೆಚ್ಚಾಗಿತ್ತು, ಅಷ್ಟೇ.

ದೂರುದಾರೆ ದೋನಾ ಜೆನೊವೇವ; ದೋನಾ ಎಂದರೆ ಅಲ್ಲಿ ಅಮ್ಮಾವ್ರು. ವಯಸ್ಸು ಅರವತ್ತೊಂದು, ವಿಧವೆ. ಗುಡ್ಡದ ಕಾಫಿ ತೋಟಗಳ ಕೊಯ್ಲಿನವರಿಗೆ ದಿನಾ ನಲವತ್ತಾರು ಬುತ್ತಿ ಕಟ್ಟಿ, ತನ್ನ ಚಿಕ್ಕ ಪಿಕಪ್ಪಿನಲ್ಲಿ ಹೊತ್ತೊಯ್ಯುವಾಕೆ.

"ಏನ್ ಕಳ್ಕೊಂಡ್ರಿ, ದೋನಾ?" ಎಂದು ಕಾನ್‌ಸ್ಟೆಬಲ್ ಜುರಾಂಡಿರ್ ಕೇಳಿದ.

"ಏನಿಲ್ಲ. ಯಾರೋ ನನ್ ಗಾಡಿಗೆ ಟ್ಯಾಂಕ್ ಪೂರ್ತಿ ತುಂಬ್ಸಿದಾರೆ."

"ಅಂಥ ಕಳ್ಳನ್ನ ನಮ್ಮನೆ ಕಡೆನೂ ಕಳ್ಸಿ. ಬಾಗ್ಲು ತೆಗ್ದೇ ಇಟ್ಟಿರ್ತೀನಿ."

"ಹತ್ತೂವರೆಗೆ ನಲವತ್ತಾರು ಜನ ಊಟಕ್ಕೆ ಕೂರ್ತಾರೆ. ಗಾಡಿ ಕೆಮ್ತಾ ಇದೆ, ಏಳ್ತಿಲ್ಲ. ನಗೋದಿದ್ರೆ ಆ ಗುಡ್ಡದ್ ಮೇಲೆ ಹೋಗಿ ಅವ್ರ ಎದ್ರು ನಗು."

ಒಳಕೋಣೆಯಿಂದ ಠಾಣೆಯ ಮುಖ್ಯಸ್ಥೆ ನೀವ್ಯಾ ತೊಲೆಂಟೀನೊ ಎದ್ದು ಬಂದಳು. ಆ ಸೀಮೆಯಲ್ಲಿ ಪೊಲೀಸ್ ಮುಖ್ಯಸ್ಥರನ್ನು ಜನ ಡಾಕ್ಟರ್ ಎಂದೇ ಕರೆಯುತ್ತಾರೆ. ಹಾಗಾಗಿ ಇವಳು ಎಲ್ಲರಿಗೂ ದೊತೋರಾ. ಕೋಟು ಹಾಕಿಕೊಂಡು ಹೊರಟಳು.

7 ಗಂಟೆ 15. ಅಲ್ಲಿ ಜುಲೈ ನಡುಚಳಿಗಾಲ. ಹುಲ್ಲಿನ ಮೇಲೆ ಹೆಪ್ಪುಗಟ್ಟಿದ ಬಿಳಿ ಇಬ್ಬನಿ. ಮೂರು ಡಿಗ್ರಿ ಚಳಿ. ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಹಳೆಯ ಎರಡು ಸೀಟಿನ ಪಿಕಪ್ಪು ನಿಂತಿತ್ತು. ಬಡವರ ಕೈಗೆ ಎಟುಕಲೆಂದೇ ಮಾಡಿದ ಗಾಡಿ. ಪೆಟ್ರೋಲಾಗಲಿ, ಕಬ್ಬಿನ ಆಲ್ಕೋಹಾಲಾಗಲಿ, ಎರಡರ ಬೆರಕೆಯಾಗಲಿ, ಹಾಕಿದ್ದನ್ನು ಕುಡಿದು ಓಡುವ ಫ್ಲೆಕ್ಸ್ ಎಂಜಿನ್ನು. ತೀರಿಹೋದ ಗಂಡ ಬಿಟ್ಟುಹೋದ ಆಸ್ತಿ ಎಂದರೆ ಇದೊಂದೇ. ದೋನಾ ಶನಿವಾರ ನಸುಕಿಗೆ ಇಗರ್ಜಿಯ ಬಸ್ಸಿನಲ್ಲಿ ಯಾತ್ರೆಗೆ ಹೋದವಳು ಭಾನುವಾರ ಕತ್ತಲಾದ ಮೇಲೆ ಮರಳಿದ್ದಳು. ಹೋಗುವಾಗ ಟ್ಯಾಂಕು ಬರಿದಾಗಿದೆಯೆಂದು ಕೆಂಪು ದೀಪ ಉರಿಯುತ್ತಿತ್ತು. ಕೀಲಿ ಹೊರಹಜಾರದ ಹಾಲಿನಪುಡಿ ಡಬ್ಬಿಯಲ್ಲಿತ್ತು, ಈಗಲೂ ಅಲ್ಲೇ ಇತ್ತು.

ಜುರಾಂಡಿರ್ ಮುಚ್ಚಳ ತಿರುವಿ ಮೂಗಿಟ್ಟ. "ಆಲ್ಕೋಹಾಲು, ದೊತೋರಾ. ಕಂಠಮಟ್ಟ."

ನೀವ್ಯಾ ಬಾನೆಟ್ ಎತ್ತಿದಳು. ಮೂಲೆಯಲ್ಲಿ ಅಂಗೈಯಗಲದ ಪ್ಲಾಸ್ಟಿಕ್ ಬಾಟಲಿ, ಒಣಗಿತ್ತು. ಹಳೆಯ ಫ್ಲೆಕ್ಸ್ ಗಾಡಿಗಳಲ್ಲಿ ಆ ಬಾಟಲಿಗೆ ಒಂದಿಷ್ಟು ಪೆಟ್ರೋಲ್ ಇರಬೇಕು. ಚಳಿಯ ಬೆಳಗು ಆಲ್ಕೋಹಾಲು ತಾನಾಗಿ ಹೊತ್ತಿಕೊಳ್ಳುವುದಿಲ್ಲ, ಎಂಜಿನ್ನು ಮೊದಲ ಗುಟುಕನ್ನು ಅಲ್ಲಿಂದ ಕುಡಿದು ಏಳುತ್ತದೆ.

"ಇದನ್ನ ಯಾವಾಗ ತುಂಬ್ಸಿದ್ರಿ?"

"ನಮ್ಮೋರು ಇದ್ದಾಗ. ನಾನು ಪೆಟ್ರೋಲ್ ಬಿಟ್ಟು ಬೇರೆ ಹಾಕೋಳಲ್ಲ. ಬೆಳಗ್ಗೆ ಕೈಕೊಡ್ಬಾರ್ದು ನೋಡಿ, ಅದಕ್ಕೆ."

ಯಾರೋ ಗಾಡಿ ಒಯ್ದು, ಬಂಕಿನಲ್ಲಿ ತುಂಬಿಸಿ, ತಂದು ನಿಲ್ಲಿಸಿದ್ದರು. ನಿನ್ನೆ ಹಗಲು ಬಿಸಿಲಿತ್ತು. ಒಯ್ದವನಿಗೆ ಗಾಡಿ ತಕರಾರಿಲ್ಲದೆ ಓಡಿತ್ತು. ಮರುದಿನದ ಚಳಿ ಅವನ ಲೆಕ್ಕದಲ್ಲಿರಲಿಲ್ಲ. ಪೆಟ್ರೋಲನ್ನೇ ತುಂಬಿಸಿದ್ದರೆ ಗಾಡಿ ಹೊರಗೆ ಹೋಗಿತ್ತೆಂದು ಠಾಣೆಗೆ ತಿಳಿಯುತ್ತಲೇ ಇರಲಿಲ್ಲ.

ಇಬ್ಬರು ನೆರೆಯವರ ಮುಂದೆ ಪಂಚನಾಮೆ ಆಯಿತು. ಹಿಂಬದಿಯ ತೊಟ್ಟಿಯನ್ನು ಯಾರೋ ಅಕ್ಕರೆಯಿಂದ ತೊಳೆದಿದ್ದರು. ಆದರೆ ಪ್ಲಾಸ್ಟಿಕ್ ಹಾಸಿನ ಅಡಿಯಲ್ಲಿ ಗಾಢ ಕೆಂಪು ಮಣ್ಣು ಸಿಕ್ಕಿತು. ಊರಿನ ಮಣ್ಣು ಹಳದಿ. ಈ ಕೆಂಪು ಕಬ್ಬಿನ ಬಯಲಿನದು. ಜೊತೆಗೆ ನೀಲಿ ಬಣ್ಣ ಬಳಿದ ಮರದ ಒಂದು ಸೀಳು. ಎರಡನ್ನೂ ಲಕೋಟೆಗೆ ಹಾಕಿ ಸಹಿ ಪಡೆದರು. ವಾಹನವನ್ನು ಜಪ್ತಿ ಮಾಡಬೇಕೇ ಎಂದು ಜುರಾಂಡಿರ್ ಕೇಳಿದಾಗ ನೀವ್ಯಾ ಗುಡ್ಡದ ಕಡೆ ನೋಡಿ, ಫೋಟೋ ಸಾಕು ಎಂದಳು. ಅವನೇ ತನ್ನ ಬೈಕಿನಿಂದ ಪೆಟ್ರೋಲ್ ಹೀರಿ ಆ ಬಾಟಲಿಗೆ ಸುರಿದ. ಗಾಡಿ ಎದ್ದಿತು. ಬುತ್ತಿಗಳು ಅರ್ಧ ಗಂಟೆ ತಡವಾಗಿ ಗುಡ್ಡ ಮುಟ್ಟಿದವು.

ಊರಲ್ಲಿರುವುದು ಎರಡು ಬಂಕು. ಎರಡನೆಯದರಲ್ಲಿ ಕೆಲಸಕ್ಕಿದ್ದ ಸುಯೆಲಿ ಬೇರೆ ಊರಿನವಳು, ಸೇರಿ ವಾರವಾಗಿತ್ತು. ಭಾನುವಾರ ಸಂಜೆ 4 ಗಂಟೆ 10ಕ್ಕೆ ಬಂದಿದ್ದವನು ಅವಳಿಗೆ ಚೆನ್ನಾಗಿ ನೆನಪಿದ್ದ: ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರು ತುಂಬ ಕೆಂಪು ಮಣ್ಣು, ಎಡಗೈಯಲ್ಲಿ ಎರಡು ಬೆರಳಿಲ್ಲ, ವಯಸ್ಸು ಅರವತ್ತರ ಮೇಲೆ.

"ಆಲ್ಕೋಹಾಲಾ, ಪೆಟ್ರೋಲಾ ಅಂದೆ. ನಾನೇನೋ ಬೈದೆ ಅನ್ನೋ ಥರ ನೋಡ್ದ. 'ಕಬ್ಬಿಂದೇ ಹಾಕವ್ವ, ಪೂರ್ತಿ' ಅಂದ. ಹೋಗೋವಾಗ ಬಾನೆಟ್ ತಟ್ಟಿ ಏನೋ ಹೇಳ್ದ, ದೊತೋರಾ. ದುಡ್ದು ಬಂದ ಎತ್ತಿನ್ ಬೆನ್ನು ತಟ್ತಾರಲ್ಲ, ಹಂಗೆ."

ಬಂಕಿನಿಂದ ದೋನಾಳ ಮನೆಗೆ ಆರುನೂರು ಮೀಟರು. ಟ್ಯಾಂಕು ಕಂಠಮಟ್ಟ ಉಳಿದದ್ದು ಅದಕ್ಕೇ.

11 ಗಂಟೆ 20ಕ್ಕೆ ಸಕ್ಕರೆ ಕಾರ್ಖಾನೆಯ ವಕೀಲರು ಬಂದರು. ಬೆಳಗ್ಗೆ ಬಂದ ದೋನಾಗೆ ಬೆಂಚು. ಇವರಿಗೆ ಒಳಗಿನಿಂದ ಕುರ್ಚಿ ಬಂತು. ಕಾರ್ಖಾನೆಯ ಹತ್ತೊಂಬತ್ತನೇ ಪ್ಲಾಟಿನಲ್ಲಿ ತಂತಿಬೇಲಿ ಕತ್ತರಿಸಿ ಅಕ್ರಮವಾಗಿ ಅಗೆಯಲಾಗಿದೆ, ಇಡೀ ಪ್ಲಾಟನ್ನು ಕೃತ್ಯದ ಸ್ಥಳವೆಂದು ಪರಿಗಣಿಸಿ ತನಿಖೆ ಮಾಡಬೇಕು ಎಂದು ಲಿಖಿತ ದೂರು. ಎಫ್‌ಐಆರ್ ಹತ್ತೇ ನಿಮಿಷದಲ್ಲಿ ದಾಖಲಾಯಿತು.

"ಅಲ್ಲಿ ಏನಿದೆ?" ನೀವ್ಯಾ ಕೇಳಿದಳು.

"ಹಳೇ ಮರದ ತುಂಡುಗಳು."

"ನೀಲಿ ಬಣ್ಣದ್ದಾ?"

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಶಿಲುಬೆ ಅಂತಾನೂ ಹೇಳ್ಬಹುದು. ಬುಧವಾರ ಉಳುಮೆ ಇದೆ. ಕಾನೂನು ಪ್ರಕಾರ ಸಂಬಂಧಿಕರಿಗೆ ಮೂವತ್ತು ದಿನ ನೋಟಿಸ್ ಅಂಟಿಸಿದ್ವಿ."

"ಎಲ್ಲಿ?"

"ಆಡಳಿತ ಕಚೇರಿ ಒಳಗೆ."

ಆ ಕಚೇರಿಯ ಒಳಗೆ ಕಬ್ಬು ಕಡಿಯುವವನು ಯಾವತ್ತೂ ಕಾಲಿಟ್ಟವನಲ್ಲ. ಗೇಟಿನಲ್ಲೇ ತಡೆಯುತ್ತಾರೆ.

ಮಧ್ಯಾಹ್ನ 2 ಗಂಟೆಗೆ ಸ್ಥಳ ಪಂಚನಾಮೆ. ಕಣ್ಣು ಹಾಯುವಷ್ಟು ದೂರ ಕಬ್ಬು, ನಡುವೆ ಒಂದು ಕಣದಷ್ಟು ಜಾಗದಲ್ಲಿ ಇಪ್ಪತ್ತೆರಡು ನೀಲಿ ಶಿಲುಬೆ. ಹಿಂದೆ ಇಲ್ಲಿ ಕೂಲಿಗಳ ಶಿಬಿರವಿತ್ತು. ಕಡಿಯುತ್ತ ಕಡಿಯುತ್ತ ಬಿದ್ದವರನ್ನು ಬಿದ್ದ ಜಾಗದ ಹತ್ತಿರವೇ ಹೂಳುತ್ತಿದ್ದರು. ಊರಿಗೊಯ್ದರೆ ಒಂದು ದಿನದ ಕೆಲಸ ಹಾಳು. ಇಪ್ಪತ್ಮೂರನೆಯ ಗೋರಿಯನ್ನು ತೆಗೆದು ಮತ್ತೆ ಮಟ್ಟಸವಾಗಿ ಮುಚ್ಚಲಾಗಿತ್ತು. ಮಣ್ಣಿನ ಮೇಲೆ ಅಂಗೈ ಒತ್ತಿದ ಗುರುತು. ಎಡಗೈ. ಮೂರು ಬೆರಳು.

ಇಗರ್ಜಿಯ ಹಳೆಯ ಸಾವಿನ ಪುಸ್ತಕದಲ್ಲಿ ಆ ಗೋರಿಯ ಹೆಸರು ಸಿಕ್ಕಿತು. ಬೆನೆದೀತ, ಕಬ್ಬು ಕಡಿಯುವಾಕೆ, ಮೂವತ್ನಾಲ್ಕು ವರ್ಷ, ಆಗಸ್ಟ್ 1987. ಸಾವಿನ ಕಾರಣ: ಸಹಜ. ಒಬ್ಬ ಮಗ, ಅದಾವ್ತು, ಹನ್ನೊಂದು ವರ್ಷ. ಹಾಗಿದ್ದರೆ ಈಗ ಅವನಿಗೆ ನಲವತ್ಮೂರು. ಸುಯೆಲಿ ಅರವತ್ತರ ಮೇಲೆ ಎಂದದ್ದು ತಪ್ಪಲ್ಲ. ಕಬ್ಬಿನ ಸಾಲಿನಲ್ಲಿ ವರ್ಷಗಳು ಜೋಡಿ ಜೋಡಿಯಾಗಿಯೇ ಉರುಳುತ್ತವೆ.

ಎರಡು ಬೆರಳಿಲ್ಲದ ಅದಾವ್ತು ಎಂದು ನೀವ್ಯಾ ಹೇಳುತ್ತಲೇ ದೋನಾ ಜೆನೊವೇವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಪಕ್ಕದ ಓಣಿಯವನು. ಕಟಾವಿನ ಯಂತ್ರ ಬಂದು ಅವನ ಕೆಲಸ ಹೋಯಿತು. ಅದೇ ವರ್ಷ ಹೆಂಡತಿ ಹಾಸಿಗೆ ಹಿಡಿದಳು. ಅವಳು ಸಾಯುವ ತನಕ ಎರಡು ವರ್ಷ ದೋನಾಳ ಬುತ್ತಿ ಆ ಮನೆಗೆ ಹೋಗಿತ್ತು. ಪ್ರತಿ ಸಂಜೆ ಅವನು ತೊಳೆದ ಬುತ್ತಿ ಡಬ್ಬಿಯನ್ನು ಹಜಾರದಲ್ಲಿ, ಹಾಲಿನಪುಡಿ ಡಬ್ಬಿಯ ಪಕ್ಕದಲ್ಲೇ, ಇಟ್ಟು ಹೋಗುತ್ತಿದ್ದ.

"ನನ್ ದೂರು ಹರಿದು ಹಾಕಿ, ದೊತೋರಾ."

"ಟ್ಯಾಂಕಿನ ದೂರು ನಿಮ್ದು, ಹರಿದು ಹಾಕ್ತೀನಿ. ಗೋರಿ ದೂರು ನಿಮ್ದಲ್ಲ."

"ಅವನ ತಾಯಿನ ವಾಪಸ್ ಅಲ್ಲೇ ಹಾಕ್ತಾರಾ? ಟ್ರ್ಯಾಕ್ಟರ್ ಕೆಳಗೆ?"

ನೀವ್ಯಾ ಎದ್ದಳು. ಬುಧವಾರಕ್ಕೆ ಒಂದು ದಿನ ಉಳಿದಿತ್ತು. ಠಾಣೆಗೆ ಹೋಗಿ ಕಾರ್ಖಾನೆಯ ದೂರನ್ನೂ ಪಂಚನಾಮೆಯನ್ನೂ ಮತ್ತೆ ಮೊದಲಿನಿಂದ ಓದಿದಳು.

ಜುಲೈ 9, ಮಂಗಳವಾರ, ಬೆಳಗ್ಗೆ 7 ಗಂಟೆ 30. ಅದಾವ್ತು ಕಾಫಿ ಸೋಸುತ್ತಿದ್ದ. ನೀವ್ಯಾ, ಜುರಾಂಡಿರ್ ಬಾಗಿಲಲ್ಲಿ ಕಂಡದ್ದೇ ಇನ್ನೂ ಎರಡು ಲೋಟ ತೆಗೆದಿಟ್ಟ. ಗಾಡಿ ಒಯ್ದದ್ದು ತಾನೇ, ತಂತಿ ಕತ್ತರಿಸಿದ್ದೂ ತಾನೇ ಎಂದು ನಿಂತಲ್ಲೇ ಒಪ್ಪಿಕೊಂಡ. ಬುಧವಾರದ ಉಳುಮೆಯ ಸುದ್ದಿ ಟ್ರ್ಯಾಕ್ಟರಿನವನಿಂದ ತಿಳಿದಿತ್ತು. ತಾಯಿಯ ಎಲುಬುಗಳನ್ನು ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿ, ಊರ ಸ್ಮಶಾನದಲ್ಲಿ ಹೆಂಡತಿಯ ಗೋರಿಯಲ್ಲೇ ಇಟ್ಟಿದ್ದ. ನೀಲಿ ಶಿಲುಬೆಯೂ ಅಲ್ಲೇ ಇತ್ತು.

"ಗಾಡಿ ಯಾಕೆ ಕೇಳಿ ತಗೊಳ್ಲಿಲ್ಲ?"

"ಕೇಳಿದ್ರೆ ಕೊಡೋರು. ಆಮೇಲೆ ನೀವು ಅವರ್ ಮನೆ ಬಾಗ್ಲಿಗೂ ಬರ್ತಿದ್ರಿ."

"ಟ್ಯಾಂಕ್ ಯಾಕೆ ತುಂಬ್ಸಿದ್ದು?"

ಅದಾವ್ತುಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬೇರೆಯೋರ ಗಾಡಿನ ಹಂಗೇ ಖಾಲಿ ತಂದ್ ನಿಲ್ಸೋದಾ, ದೊತೋರಾ?"

"ಅವರು ಹಾಕೋದು ಪೆಟ್ರೋಲು. ನಿನ್ನೆ ಬೆಳಗ್ಗೆ ಗಾಡಿ ಎದ್ದಿಲ್ಲ. ಅದಕ್ಕೇ ನಾವಿಲ್ಲಿದ್ದೀವಿ."

ಅವನ ಮುಖ ಆಗ ಕಂದಿತು, ಬಂಧನದ ಭಯಕ್ಕಲ್ಲ. "ಬುತ್ತಿ ಹೋಗ್ಲಿಲ್ವಾ?"

ಅರ್ಧ ಗಂಟೆ ತಡವಾಗಿ ಹೋಯಿತು ಎಂದು ಜುರಾಂಡಿರ್ ಹೇಳಿದ ಮೇಲೆಯೇ ಅವನು ಉಸಿರು ಬಿಟ್ಟದ್ದು.

"ಇಪ್ಪತ್ತೈದು ವರ್ಷ ಕಬ್ಬು ಕಡ್ದೆ," ಎಂದ. "ಆ ಬಂಕಲ್ಲಿ ಹರಿಯೋದು ನಮ್ಮ ಬೆವರೇ. ಒಳ್ಳೇದು ಹಾಕ್ತಿದೀನಿ ಅಂದ್ಕೊಂಡೆ."

ಗೋರಿ ಅಗೆದ ಆರೋಪದ ಮೇಲೆ 7 ಗಂಟೆ 55ಕ್ಕೆ ಅವನನ್ನು ಬಂಧಿಸಲಾಯಿತು. ಕಾಫಿ ಕುಡಿದಾದ ಮೇಲೆ.

ಮಧ್ಯಾಹ್ನ ವಕೀಲರು ಧನ್ಯವಾದ ಹೇಳಲು ಬಂದರು. ನೀವ್ಯಾ ಅವರಿಗೆ ಪಂಚನಾಮೆಯ ಪ್ರತಿ ಕೊಟ್ಟಳು. ಹದಿನಾಲ್ಕು ಪುಟ. ಉಳಿದ ಇಪ್ಪತ್ತೆರಡು ಗೋರಿಗಳಿಗೂ ಸಂಖ್ಯೆ, ಅಳತೆ, ಫೋಟೋ, ಪುಸ್ತಕದಲ್ಲಿ ಸಿಕ್ಕಷ್ಟು ಹೆಸರು. ಕೊನೆಯಲ್ಲಿ ಒಂದು ಸಾಲು: ನ್ಯಾಯಾಲಯದ ಆದೇಶ ಬರುವವರೆಗೆ ಕೃತ್ಯದ ಸ್ಥಳದಲ್ಲಿ ಯಾವುದೇ ಉಪಕರಣ ತಾಗಿಸತಕ್ಕದ್ದಲ್ಲ.

"ನಾವು ದೂರು ಕೊಟ್ಟಿದ್ದು ಒಂದು ಗುಂಡಿ ಬಗ್ಗೆ."

"ಇಡೀ ಪ್ಲಾಟು ಅಂತ ಬರ್ದಿದ್ದೀರಿ. ನಿಮ್ಮದೇ ಸಹಿ."

ಅಲ್ಲಿಯ ತನಕ ಯಾವ ಸರ್ಕಾರದ ಕಾಗದದಲ್ಲೂ ಆ ಇಪ್ಪತ್ಮೂರು ಜನ ಸತ್ತಿರಲೂ ಇಲ್ಲ, ಬದುಕಿರಲೂ ಇಲ್ಲ. ಅವರ ಹೆಸರನ್ನು ಮುದ್ರೆಯೊತ್ತಿದ ಹಾಳೆಗೆ ತಂದದ್ದು ಕಾರ್ಖಾನೆಯ ದೂರೇ. ಬುಧವಾರ ಬೆಳಗ್ಗೆ ಟ್ರ್ಯಾಕ್ಟರು ಬಂದು, ಪೊಲೀಸರು ಕಟ್ಟಿದ ಹಳದಿ ಪಟ್ಟಿ ನೋಡಿ, ಹಿಂದಿರುಗಿತು.

ಉಳಿದದ್ದು ವಾಹನದ ಪ್ರಶ್ನೆ. ಬಳಸಿದ ವಾಹನ ಇದ್ದ ಸ್ಥಿತಿಯಲ್ಲೇ ಕೂಡಲೇ ಮರಳಿದರೆ ಅದು ಕಳವಲ್ಲ ಎಂಬುದು ಅಲ್ಲಿನ ನ್ಯಾಯಾಲಯಗಳ ಅಭಿಪ್ರಾಯ. ಹಾಗಾಗಿ ದೋನಾ ಜೆನೊವೇವಳ ಹೇಳಿಕೆ ಬೇಕಾಯಿತು.

"ಗಾಡಿ ಇದ್ದ ಹಾಗೇ ಬಂತಾ?" ಜುರಾಂಡಿರ್ ಪೆನ್ನು ಹಿಡಿದು ಕೇಳಿದ.

"ಇಲ್ಲ. ಖಾಲಿ ಹೋಗಿತ್ತು, ತುಂಬಿ ಬಂತು. ಹಂಗೇ ಬರ್ಕೋ."

ಅವನು ಹಾಗೆಯೇ ಬರೆದುಕೊಂಡ. ಕಳವಿನ ಮಾತು ಅಲ್ಲಿಗೆ ಬಿದ್ದುಹೋಯಿತು. ಅವಳು ಲಾಕಪ್ಪಿನ ಕಡೆಗೆ ನಡೆದು ನಲವತ್ತೇಳನೇ ಬುತ್ತಿಯನ್ನು ಕಂಬಿಗಳ ನಡುವೆ ಸರಿಸಿದಳು: ಅನ್ನ, ಕಾಳಿನ ಸಾರು, ಒಂದು ಮೊಟ್ಟೆ. ಬಾಟಲಿಗೆ ಪೆಟ್ರೋಲ್ ತುಂಬಿಸಿದೆ, ಇನ್ನು ಕಬ್ಬಿನದೇ ಹಾಕುತ್ತೇನೆ ಎಂದಷ್ಟೇ ಹೇಳಿದಳು. ಅದಾವ್ತು ತಲೆ ತಗ್ಗಿಸಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಸಂಜೆ ಅದು ತೊಳೆದು ಒರೆಸಿ ಕಂಬಿಯ ಹೊರಗಿತ್ತು.

ದೋಷಾರೋಪ ಪಟ್ಟಿಯಲ್ಲಿ 'ಕೃತ್ಯದ ಉದ್ದೇಶ' ಎಂಬ ಕಾಲಮ್ಮಿದೆ. ಬಹುತೇಕ ಕಡತಗಳಲ್ಲಿ ಅಲ್ಲಿ ಒಂದು ಗೆರೆ ಎಳೆದು ಬಿಟ್ಟಿರುತ್ತಾರೆ. ಈ ಕಡತದಲ್ಲಿ ನೀವ್ಯಾ ತೊಲೆಂಟೀನೊಳ ಕೈಬರಹದಲ್ಲಿ ಹೀಗಿದೆ: ತಾಯಿಯನ್ನು ಮನೆಗೆ ಕರೆತರಲು.